ಗೋಡೆ ಬಿಟ್ಟು ಅಂಗಿಗೆ ಬಂದ ಚಿತ್ರ

ಒಂದು ಬೆಳಿಗ್ಗೆ ಬೆಳ್ಳಾವಿಯಲ್ಲಿ ತುಮಕೂರಿನ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಹೂವಿನ ಪುಟ್ಟಿ ಮುಂದಿಟ್ಟುಕೊಂಡ ಒಬ್ಬ ಅಜ್ಜಿ. ಕಾಲೇಜು ಹುಡುಗನೊಬ್ಬ ಬಂದು ಎದುರಿಗೆ ನಿಂತ. ಕಪ್ಪು ಟೀ ಶರ್ಟು. ಎದೆಯ ತುಂಬ ಕೆಂಪು ತುಟಿ, ಅದರೊಳಗಿಂದ ಇಷ್ಟುದ್ದಕ್ಕೆ ಹೊರಚಾಚಿದ ನಾಲಿಗೆ. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ದಿಟ್ಟಿಸಿದರು.

"ಏನ್ಲಾ ಮಗ, ಕಾಳಮ್ಮನ ನಾಲ್ಗೆ ಎದೆ ಮೇಲೆ ಹಾಕ್ಕಂಡಿದ್ದೀಯ?"

"ಕಾಳಮ್ಮ ಅಲ್ಲ ಅಜ್ಜಿ, ಇದು ಬ್ಯಾಂಡು."

"ಬ್ಯಾಂಡ್‌ಸೆಟ್ಟೋರಾ? ಯಾವೂರೋರಪ್ಪ?"

ಹುಡುಗ ನಕ್ಕ, ನಾನೂ ನಕ್ಕೆ. ಬಸ್ಸು ಬಂತು, ಹತ್ತಿದೆವು. ದಾರಿಯಲ್ಲಿ ಯೋಚಿಸುತ್ತಾ ಹೋದಂತೆ ನನ್ನ ನಗು ಇಳಿಯಿತು. ಯಾಕೆಂದರೆ ಅಜ್ಜಿ ಹೇಳಿದ್ದೇ ಸರಿ.

ಆ ನಾಲಿಗೆ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ಗುರುತು. 1970ರಲ್ಲಿ ತಂಡಕ್ಕೆ ಒಂದು ಪೋಸ್ಟರು ಬೇಕಾಯಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಜಾನ್ ಪಾಶ್ ಎಂಬ ಹುಡುಗನಿಗೆ ಆ ಕೆಲಸ ಸಿಕ್ಕಿತು. ಅದರ ಬೆನ್ನಿಗೇ ಒಂದು ಗುರುತೂ ಬೇಕೆಂದರು. ತಂಡದ ಗಾಯಕ ಮಿಕ್ ಜಾಗರ್ ಆ ಹುಡುಗನಿಗೆ ತೋರಿಸಿದ್ದು ನಾಲಿಗೆ ಹೊರಚಾಚಿದ ಕಾಳಿಯ ಒಂದು ಚಿತ್ರವನ್ನು. ಪಾಶ್ ದೇವಿಯನ್ನು ಬಿಟ್ಟ, ನಾಲಿಗೆಯನ್ನು ಹಿಡಿದ. ಅವನಿಗೆ ಸಿಕ್ಕ ಕೂಲಿ 50 ಪೌಂಡು. 1971ರಲ್ಲಿ ತಂಡದ ರೆಕಾರ್ಡಿನ ಜೊತೆ ಅಚ್ಚಾಗಿ ಹೊರಟ ಆ ನಾಲಿಗೆ ಲೋಕವನ್ನೆಲ್ಲ ಸುತ್ತಿತು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಹಾಡಿದಾಗ ಮಳೆಯಲ್ಲಿ ನೆನೆಯುತ್ತಾ ನಿಂತ ಹುಡುಗರ ಅಂಗಿಗಳ ಮೇಲೂ ಇತ್ತು. ಈಗ ಬೆಳ್ಳಾವಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತಿತ್ತು. ನಮ್ಮ ದೇವರ ಪಟದಿಂದ ಹೋದ ನಾಲಿಗೆ ಅರ್ಧ ಶತಮಾನ ಊರೂರು ತಿರುಗಿ ನಮ್ಮ ಹೋಬಳಿಗೇ ವಾಪಸು ಬಂದಿದೆ. ಹುಡುಗನಿಗೆ ಗೊತ್ತಾಗಲಿಲ್ಲ. ಅಜ್ಜಿ ಒಂದೇ ನೋಟಕ್ಕೆ ಗುರುತು ಹಿಡಿದರು.

ನಾನು ಚಿತ್ರಕಲಾ ಮೇಷ್ಟ್ರಾಗಿದ್ದವನು. ರೇಡಿಯೋದಲ್ಲಿ ಚಿತ್ರದ ಬಗ್ಗೆ ಮಾತಾಡುವುದೆಂದರೆ ಕಣ್ಣಿನ ಊಟವನ್ನು ಕಿವಿಗೆ ಬಡಿಸಿದ ಹಾಗೆ. ಆದರೂ ಗೋಡೆಯ ಮೇಲೆ ಹುಟ್ಟಿದ ಚಿತ್ರ ಅಂಗಿಯ ಮೇಲೆ ಹೇಗೆ ಬಂದು ಕೂತಿತು, ಅದನ್ನು ಬರೆದವರ ಗತಿ ಏನಾಯಿತು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಅನ್ನಿಸಿದೆ.

ಹಾಡಿನ ತಂಡಗಳಿಗೆ ಹೀಗೆ ಚಿತ್ರ ಬರೆದವರಲ್ಲಿ ಹಲವರನ್ನು ಅಂಡರ್‌ಗ್ರೌಂಡ್ ಕಲಾವಿದರು ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತಂದು ‘ಭೂಗತ’ ಎಂದರೆ ನಮಗೆ ಮಚ್ಚು ಲಾಂಗಿನ ಸಿನಿಮಾ ನೆನಪಾಗುತ್ತದೆ. ಇಲ್ಲಿ ಅದಲ್ಲ. ದೊಡ್ಡ ಪತ್ರಿಕೆ, ದೊಡ್ಡ ಗ್ಯಾಲರಿ, ದೊಡ್ಡ ಕಂಪನಿ ಇವುಗಳ ಮರ್ಜಿ ಕಾಯದೆ, ತಮ್ಮ ಜೊತೆಯ ಹುಡುಗರ ಹಾಡಿಗೆ ತಾವೇ ಚಿತ್ರ ಬರೆದು, ತಾವೇ ಅಂಟಿಸಿ ಹೋಗುವವರು ಎಂದಷ್ಟೇ ಅರ್ಥ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1966–67ರ ಹೊತ್ತಿಗೆ ಇಂಥವರ ಒಂದು ಗುಂಪೇ ಇತ್ತು. ವೆಸ್ ವಿಲ್ಸನ್, ವಿಕ್ಟರ್ ಮೊಸ್ಕೋಸೊ, ರಿಕ್ ಗ್ರಿಫಿನ್, ಆಲ್ಟನ್ ಕೆಲ್ಲಿ, ಸ್ಟ್ಯಾನ್ಲಿ ಮೌಸ್. ವಾರದ ಕೊನೆಗೆ ಹಾಡುವ ತಂಡಗಳಿಗೆ ಇವರು ಬರೆದ ಪೋಸ್ಟರುಗಳ ಅಕ್ಷರ ಬೆಂಕಿಯ ನಾಲಿಗೆಯಂತೆ ಬಳುಕುತ್ತಿತ್ತು, ನಿಂತು ಕೂಡಿಸಿಕೊಂಡು ಓದದಿದ್ದರೆ ಅರ್ಥವಾಗುತ್ತಿರಲಿಲ್ಲ. ಬಣ್ಣಗಳು ಒಂದರ ಪಕ್ಕ ಇನ್ನೊಂದು ಕೂತು ಕಣ್ಣಿಗೆ ಕಚಗುಳಿ ಇಡುತ್ತಿದ್ದವು. ಕಂಬಕ್ಕೆ ಅಂಟಿಸಿದ್ದನ್ನು ಜನ ಕಿತ್ತುಕೊಂಡು ಹೋಗಿ ಮನೆಯ ಗೋಡೆಗೆ ಹಾಕಿಕೊಳ್ಳುತ್ತಿದ್ದರು. ಜಾಹೀರಾತನ್ನು ಕದ್ದೊಯ್ಯುವಷ್ಟು ಚೆನ್ನಾಗಿ ಬರೆದರೆ ಅದು ಜಾಹೀರಾತಾಗಿ ಉಳಿಯುವುದಿಲ್ಲ, ಅಲ್ಲವೇ?

ಇವರಲ್ಲಿ ಸ್ಟ್ಯಾನ್ಲಿ ಮೌಸ್‌ನ ಕಥೆ ನಮ್ಮ ಮಾತಿಗೆ ಬಹಳ ಹತ್ತಿರದ್ದು. ಪೋಸ್ಟರು ಬರೆಯುವುದಕ್ಕೆ ಮೊದಲು ಅವನು ಅಂಗಿಯ ಮೇಲೆ ಬರೆಯುತ್ತಿದ್ದವನು. ಕಾರು ಪ್ರದರ್ಶನಗಳಲ್ಲಿ ಒಂದು ಮೂಲೆ ಹಿಡಿದು, ಏರ್‌ಬ್ರಷ್‌ನಿಂದ ಬಿಳಿ ಬನಿಯನ್ ಮೇಲೆ ಕೋರೆಹಲ್ಲಿನ ರಾಕ್ಷಸರು ಕಾರು ಓಡಿಸುವ ಚಿತ್ರ ಬರೆದು ಮಾರುತ್ತಿದ್ದ. ಅಲ್ಲಿಂದ ಪೋಸ್ಟರಿಗೆ ಹೋದ. ಆ ಪೋಸ್ಟರುಗಳೇ ಮುಂದೆ ಅಂಗಿಗಳಾದವು.

ಅವುಗಳಲ್ಲಿ ಒಂದು, ತಲೆಯ ಮೇಲೆ ಗುಲಾಬಿ ಹೂ ಮುಡಿದ ಅಸ್ಥಿಪಂಜರ. 1966ರಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ತಂಡಕ್ಕಾಗಿ ಮೌಸ್ ಮತ್ತು ಕೆಲ್ಲಿ ಸೇರಿ ಮಾಡಿದ್ದು. ಇವತ್ತಿಗೂ ಲೋಕದ ಮೂಲೆಮೂಲೆಯಲ್ಲಿ ಜನ ಅದನ್ನು ಎದೆಯ ಮೇಲೆ ಹೊತ್ತು ತಿರುಗುತ್ತಾರೆ. ಆದರೆ ಆ ಅಸ್ಥಿಪಂಜರ ಅವರಿಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಸಿಕ್ಕಿತು. ಎಡ್ಮಂಡ್ ಸಲಿವನ್ ಎಂಬ ಇಂಗ್ಲಿಷ್ ಚಿತ್ರಗಾರ 1913ರ ಒಂದು ಪುಸ್ತಕಕ್ಕೆ ಕಪ್ಪು ಬಿಳುಪಿನಲ್ಲಿ ಬರೆದಿದ್ದ. ಇವರು ಬಣ್ಣ ತುಂಬಿದರು, ಸುತ್ತ ಅಕ್ಷರ ಕಟ್ಟಿದರು. ಆ ಪುಸ್ತಕ ಯಾವುದು ಗೊತ್ತೇ? ಪರ್ಷಿಯಾದ ಉಮರ್ ಖಯ್ಯಾಮನ ರುಬಾಯಿಗಳ ಇಂಗ್ಲಿಷ್ ಅನುವಾದ. ಅದೇ ರುಬಾಯಿಗಳನ್ನು ನಮ್ಮ ಡಿ.ವಿ. ಗುಂಡಪ್ಪನವರು ‘ಉಮರನ ಒಸಗೆ’ ಎಂದು ಕನ್ನಡಕ್ಕೆ ತಂದರು. ಬಾಳು ಕ್ಷಣಿಕ ಎಂಬ ಅದೇ ಮಾತು ನಮ್ಮಲ್ಲಿ ಮೇಜಿನ ಮೇಲಿನ ಪುಸ್ತಕವಾಯಿತು, ಅವರಲ್ಲಿ ಹುಡುಗರ ಅಂಗಿಯಾಯಿತು. ಡಿ.ವಿ.ಜಿ. ಓದಿಕೊಂಡವರು ಆ ಗುಲಾಬಿ ಮುಡಿದ ಬುರುಡೆಯನ್ನು ಕಂಡರೆ ಮುಖ ಸಿಂಡರಿಸಬೇಕಾಗಿಲ್ಲ. ಅವೆರಡೂ ಒಂದೇ ತೋಟದ ಹೂ.

ಇದೇ ಹೊತ್ತಿಗೆ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ನೈಜಲ್ ವೇಮೌತ್ ಎಂಬವನು ಇಬ್ಬರು ಗೆಳೆಯರ ಜೊತೆ ಒಂದು ಬಟ್ಟೆ ಅಂಗಡಿ ತೆರೆದ. ಆ ಇಬ್ಬರಲ್ಲಿ ಒಬ್ಬ ಕಸುಬು ಕಲಿತ ದರ್ಜಿ. ವೇಮೌತ್ ಮತ್ತು ಮೈಕೆಲ್ ಇಂಗ್ಲಿಷ್ ಎಂಬ ಇನ್ನೊಬ್ಬ ಚಿತ್ರಗಾರ ಜೋಡಿಯಾಗಿ ಲಂಡನ್ನಿನ ಅಂಡರ್‌ಗ್ರೌಂಡ್ ಕ್ಲಬ್ಬಿಗೆ ಪೋಸ್ಟರು ಬರೆಯುತ್ತಿದ್ದರು. ಒಂದೇ ಕೈ ಗೋಡೆಗೂ ಬರೆಯಿತು, ಬಟ್ಟೆಗೂ ಬಂಡವಾಳ ಹಾಕಿತು. ಸೋಫಾ ಹೊದಿಕೆಗೆ ಬಳಸುವ ಹೂಬಳ್ಳಿಯ ದಪ್ಪ ಬಟ್ಟೆಯಲ್ಲಿ ಕೋಟು ಹೊಲಿದು ಮಾರಿದರು, ರಾಕ್ ಗಾಯಕರು ಮುಗಿಬಿದ್ದು ಕೊಂಡರು. ಅಂಗಡಿಯ ಮುಂಭಾಗವನ್ನೇ ಪೋಸ್ಟರಿನಂತೆ ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿದ್ದರು. ಒಮ್ಮೆಯಂತೂ ನಿಜವಾದ ಕಾರಿನ ಮೂತಿಯೇ ಕಿಟಕಿಯಿಂದ ಹೊರಬಂದು ನಿಂತಿತ್ತು.

ಪೋಸ್ಟರು ಬರೆಯುವವನ ಕೈ ಅಂಗಿಗೆ ಇಷ್ಟು ಸುಲಭವಾಗಿ ಒಗ್ಗುವುದು ಯಾಕೆ? ಇದು ಕಸುಬಿನ ಮಾತು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತುಮಕೂರಿನ ಒಂದು ಗಲ್ಲಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಹತ್ತಡಿ ಅಗಲದ ಕೋಣೆ, ಬಾಗಿಲಲ್ಲೇ ಇಂಕಿನ ಘಾಟು. ಮದುವೆ ಕಾರ್ಡು, ಕೈಚೀಲ, ಗಣಪತಿ ಹಬ್ಬದ ಯುವಕರ ಸಂಘದ ಟೀ ಶರ್ಟು, ಕಬಡ್ಡಿ ತಂಡದ ಬನಿಯನ್ನು ಎಲ್ಲವೂ ಅಲ್ಲೇ. ಮರದ ಚೌಕಟ್ಟಿಗೆ ನೈಲಾನ್ ಜಾಲರಿಯನ್ನು ತಮಟೆಯ ಚರ್ಮದಂತೆ ಬಿಗಿದಿರುತ್ತಾನೆ. ಅದಕ್ಕೆ ಬೆಳಕು ಬಿದ್ದರೆ ಗಟ್ಟಿಯಾಗುವ ಒಂದು ಲೇಪ ಬಳಿದು, ಕತ್ತಲಲ್ಲಿ ಒಣಗಿಸುತ್ತಾನೆ. ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಕಪ್ಪಗೆ ತೆಗೆದು, ಜಾಲರಿಯ ಮೇಲಿಟ್ಟು ದೀಪ ಹಾಕುತ್ತಾನೆ. ಕಪ್ಪು ಇರುವ ಕಡೆ ಬೆಳಕು ಬೀಳುವುದಿಲ್ಲ, ಲೇಪ ಗಟ್ಟಿಯಾಗದೆ ಉಳಿಯುತ್ತದೆ. ನೀರು ಹಾಯಿಸಿದರೆ ಗಟ್ಟಿಯಾಗದ್ದು ಕರಗಿ ಹೋಗಿ, ಚಿತ್ರದ ಆಕಾರಕ್ಕೆ ಜಾಲರಿ ಕಣ್ಣು ಬಿಡುತ್ತದೆ. ಅಂಗಿಯನ್ನು ಹಲಗೆಗೆ ತೊಡಿಸಿ, ಮೇಲೆ ಜಾಲರಿ ಇಟ್ಟು, ಗಟ್ಟಿ ಇಂಕನ್ನು ರಬ್ಬರಿನ ಪಟ್ಟಿಯಿಂದ ಒಂದೇ ಸಲಕ್ಕೆ ಎಳೆಯಬೇಕು. ಕೈ ನಡುಗಿತೋ, ಅಂಗಿ ಹಾಳು.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಮೂರು ಬಣ್ಣದ ಚಿತ್ರವೆಂದರೆ ಮೂರು ಜಾಲರಿ, ಮೂರು ಸಲದ ಎಳೆತ, ಮೂರೂ ಕೂದಲೆಳೆಯಷ್ಟೂ ಜಾರದಂತೆ ಒಂದರ ಮೇಲೊಂದು ಕೂರಬೇಕು. ಬಣ್ಣ ಹೆಚ್ಚಾದಷ್ಟೂ ಖರ್ಚು ಹೆಚ್ಚು. ಹಾಗಾಗಿ ಬರೆಯುವವನು ಎರಡೋ ಮೂರೋ ಬಣ್ಣದಲ್ಲೇ ಎಲ್ಲವನ್ನೂ ಹೇಳಬೇಕು, ಗೆರೆ ದಪ್ಪಗಿರಬೇಕು. ಕೆಲಸಕ್ಕೆ ಬಾರದ ನೆರಳು, ನಯ, ನಾಜೂಕು ಎಲ್ಲ ಬಿಡಬೇಕು. ಗೋಡೆಯ ಪೋಸ್ಟರಿಗೂ ಇದೇ ನಿಯಮ. ರಸ್ತೆಯ ಆಚೆ ಬದಿಯಿಂದ ನೋಡುವವನಿಗೆ ಅಕ್ಷರ ತಿಳಿಯದಿದ್ದರೂ ಚಿತ್ರ ತಿಳಿಯಬೇಕು. ಅಂಗಿಯಾದರೂ ಅಷ್ಟೇ, ಎದುರಿಗೆ ನಡೆದು ಬರುವವನು ದಾಟಿ ಹೋಗುವಷ್ಟರಲ್ಲಿ ಕಾಣಬೇಕು. ಗೋಡೆ ನಿಂತ ಕಡೆ ನಿಂತಿರುತ್ತದೆ, ಅಂಗಿ ಬಸ್ಸು ಹತ್ತುತ್ತದೆ. ವ್ಯತ್ಯಾಸ ಇಷ್ಟೇ.

ದಪ್ಪ ಗೆರೆ, ಎರಡು ಮೂರು ಬಣ್ಣ, ದೂರದಿಂದ ಕಾಣುವ ಕಣ್ಣು ಎಂದ ಕೂಡಲೇ ನಮ್ಮ ಸೀಮೆಯವರಿಗೆ ಏನು ನೆನಪಾಗಬೇಕು? ಸೋಮನ ಕುಣಿತ. ಊರದೇವತೆಯ ಮುಂದೆ ಕುಣಿಯುವ ಸೋಮನ ಆ ದೊಡ್ಡ ಮುಖವಾಡ, ಕೆಂಪು ಬಳಿದ ಕೆನ್ನೆ, ಹೊರಗೆ ಬಂದ ಕಣ್ಣುಗುಡ್ಡೆ. ರಾತ್ರಿ ಪಂಜಿನ ಬೆಳಕಿನಲ್ಲಿ ಅದು ತಿರುಗಿ ನೋಡಿದರೆ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರುತ್ತವೆ. ಇಂಥದೇ ಒಂದು ಮುಖವನ್ನು ಗುರುತಾಗಿ ಹೊತ್ತ ಐರನ್ ಮೇಡನ್ ಎಂಬ ಇಂಗ್ಲಿಷ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿಗೆ ಬಂದಿತ್ತು. ಡೆರೆಕ್ ರಿಗ್ಸ್ ಎಂಬ ಚಿತ್ರಗಾರ ಆ ತಂಡಕ್ಕೆ ಬರೆದುಕೊಟ್ಟ ‘ಎಡ್ಡಿ’ ಎಂಬ ಒಣಕಲು ಭೂತ ಅವರ ರೆಕಾರ್ಡಿನ ಮೇಲೆ, ಪೋಸ್ಟರಿನ ಮೇಲೆ, ಅಂಗಿಯ ಮೇಲೆ, ಕೊನೆಗೆ ವೇದಿಕೆಯ ಮೇಲೂ ಆಳೆತ್ತರ ಮೀರಿ ಬಂದು ನಿಲ್ಲುತ್ತದೆ. ಹಾಡಿನ ನಡುವೆ ಅದು ಬಂದಾಗ ಜನ ಕಿರುಚುವುದನ್ನು ಕೇಳಿದರೆ, ಜಾತ್ರೆಯಲ್ಲಿ ಸೋಮ ಎದ್ದಾಗಿನ ಕೇಕೆಯೇ ನೆನಪಾಗುತ್ತದೆ. ನಮ್ಮ ಹುಡುಗರು ಎಡ್ಡಿಯನ್ನು ತೊಟ್ಟಿದ್ದಾರೆ. ಸೋಮನನ್ನು ಅಂಗಿಗೆ ತಂದವರನ್ನು ನಾನಿನ್ನೂ ನಮ್ಮ ಹೋಬಳಿಯಲ್ಲಿ ಕಂಡಿಲ್ಲ.

ಪೋಸ್ಟರು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದು ದಕ್ಷಿಣ ದೇಶವನ್ನೆಲ್ಲ ಸುತ್ತಿತು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ನಾಟಕ ಕಂಪನಿಗಳ ಕಾಲದಲ್ಲಿ ಊರಿಗೆ ಕ್ಯಾಂಪು ಬಂತೆಂದರೆ ಮೊದಲು ಮಾತಾಡುತ್ತಿದ್ದದ್ದು ಗೋಡೆ, ಆಮೇಲೆ ತಮಟೆ ಬಾರಿಸುತ್ತಾ ಹ್ಯಾಂಡ್‌ಬಿಲ್ಲು ಎಸೆದು ಹೋಗುವ ಗಾಡಿ. ಆ ಬಣ್ಣಬಣ್ಣದ ಕಾಗದ ಹೆಕ್ಕಲು ಮಕ್ಕಳು ಧೂಳಿನಲ್ಲಿ ಓಡುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಹುಡುಗರು ಕಂಬದ ಪೋಸ್ಟರು ಕಿತ್ತ ಹಾಗೆಯೇ.

ಬೆಳ್ಳಾವಿಯ ಹೆಸರನ್ನು ರಂಗಕ್ಕೂ ಪರದೆಗೂ ಕೊಂಡೊಯ್ದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಗುಬ್ಬಿ ಕಂಪನಿಗೆ ನಾಟಕ ಬರೆದವರು. 1934ರ ಮಾರ್ಚ್ 3ರಂದು ತೆರೆ ಕಂಡ ‘ಸತಿ ಸುಲೋಚನ’, ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ. ಅದರ ಮಾತು, ಹಾಡು ಬರೆದವರು ಅವರೇ. ಹಾಗಾಗಿ ಅವರ ಹೆಸರು ಉಳಿಯಿತು. ಆದರೆ ಅದೇ ಕಾಲದಲ್ಲಿ ಕಂಪನಿಗಳಿಗೆ ಪರದೆ ಬರೆದವರು, ಗೋಡೆಗೆ ರಾವಣನನ್ನು ಬರೆದವರು ಎಷ್ಟು ಜನ ಇದ್ದರು? ಅವರ ಹೆಸರೆಲ್ಲ ಸುಣ್ಣದ ಕೆಳಗೆ ಹೋಯಿತು.

ಈಗಲೂ ನಮ್ಮ ಊರುಗಳಲ್ಲಿ ಸುಗ್ಗಿ ಮುಗಿದರೆ ಪೌರಾಣಿಕ ನಾಟಕ ಕಟ್ಟುತ್ತಾರೆ. ‘ಕುರುಕ್ಷೇತ್ರ’ದ ಪೋಸ್ಟರನ್ನು ಒಮ್ಮೆ ನಿಂತು ಓದಿ. ಕೃಷ್ಣ ಯಾರು, ದುರ್ಯೋಧನ ಯಾರು, ಶಕುನಿ ಯಾರು ಎಲ್ಲ ಭಾವಚಿತ್ರದ ಸಮೇತ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರ ಹೆಸರು, ತಬಲದವರ ಹೆಸರು, ಸೀನರಿ ಯಾವ ಊರಿನದು, ಮೈಕು ಯಾರದು, ಹಾರಕ್ಕೆ ದುಡ್ಡು ಕೊಟ್ಟವರು ಯಾರು, ಉದ್ಘಾಟನೆಗೆ ಬರುವ ಗಣ್ಯರು ಯಾರು ಎಲ್ಲವೂ ಉಂಟು. ಪೋಸ್ಟರು ಮಾಡಿದವನ ಹೆಸರು ಮಾತ್ರ ಇರುವುದಿಲ್ಲ.

ನಾನು ಹುಡುಗನಾಗಿದ್ದಾಗ ಒಂದು ನಾಟಕಕ್ಕೆ ಊರ ಮುಂದಿನ ಗೋಡೆಗೆ ನೀಲಿ, ಕೆಮ್ಮಣ್ಣು, ಸುಣ್ಣ ಹಾಕಿ ಭೀಮನನ್ನು ಬರೆದಿದ್ದೆ. ಮೂರು ದಿನದ ಕೆಲಸ. ಗದೆಯ ಬುಡದಲ್ಲಿ, ಬೆರಳಗಲದ ಜಾಗದಲ್ಲಿ ನನ್ನ ಹೆಸರು ಹಾಕಿದೆ. ಆಡಿಸುವವರೊಬ್ಬರು ಬಂದು ನೋಡಿ, "ಚೆನ್ನಾಗೈತೆ ಕಣಪ್ಪ, ಆದ್ರೆ ಭೀಮನ ಪಾತ್ರ ನೀನು ಮಾಡ್ತಿಲ್ವಲ್ಲ, ಹೆಸ್ರು ಯಾಕೆ?" ಅಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಸುಣ್ಣದ ಕುಂಚ ತೆಗೆದು ನಾನೇ ಅಳಿಸಿದೆ. ಇಷ್ಟು ವರ್ಷವಾದರೂ ಗದೆಯ ಬುಡದ ಆ ಬಿಳಿ ಕಲೆ ಕಣ್ಣ ಮುಂದೆ ಇದೆ.

ಜಾನ್ ಪಾಶ್‌ನ ಕಥೆಗೆ ಇನ್ನೊಂದು ಭಾಗವಿದೆ. 50 ಪೌಂಡಿಗೆ ಬರೆದ ಆ ನಾಲಿಗೆಯ ಮೂಲ ಚಿತ್ರವನ್ನು ಅವನು ಜೋಪಾನ ಮಾಡಿಕೊಂಡಿದ್ದ. 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದನ್ನು ಸುಮಾರು 50,000 ಪೌಂಡಿಗೆ ಕೊಂಡುಕೊಂಡಿತು. ತಡವಾಗಿಯಾದರೂ ಬರೆದವನ ಹೆಸರು ಚಿತ್ರಕ್ಕೆ ಕೂಡಿತು. ಅವನ ಹೆಸರು ಗೊತ್ತಿದ್ದದ್ದರಿಂದಲೇ ಇವತ್ತು ನಾನು ಇಲ್ಲಿ ಕೂತು ಹೇಳಲು ಸಾಧ್ಯವಾಗಿದೆ.

ಬರೆದವರ ಹೆಸರನ್ನು ಚಿತ್ರಕ್ಕೆ ಕೂಡಿಸುವ ಈ ಪರಿಪಾಠ ಬೆಂಗಳೂರಿನಲ್ಲೂ ಬೆಳೆಯುತ್ತಿದೆ. ಇನ್ನರ್ ಸ್ಯಾಂಕ್ಟಮ್ ಎಂಬ ಅಲ್ಲಿನ ಮೆಟಲ್ ಸಂಗೀತದ ತಂಡದ ಗಾಯಕ ಗೌರವ್ ಬಸು, ‘ಆಸಿಡ್ ಟೋಡ್’ ಎಂಬ ಹೆಸರಿನಲ್ಲಿ ಚಿತ್ರವನ್ನೂ ಬರೆಯುತ್ತಾರೆ. ಹಾಡುವ ಬಾಯಿಯೂ ಅವರದೇ, ಬರೆಯುವ ಕೈಯೂ ಅವರದೇ. ತಂಡಗಳಿಗೆ ಪೋಸ್ಟರು, ಆಲ್ಬಮ್ಮಿನ ಮುಖಪುಟ, ಅಂಗಿಯ ಚಿತ್ರ ಬರೆದು ಅದರ ಮೇಲೆ ತಮ್ಮ ಗುರುತನ್ನೂ ನಿಲ್ಲಿಸಿದ್ದಾರೆ. ವೇಷದಲ್ಲಿ ಇನ್ನೊಂದು ದಾರಿ ತೋರಿದವರು ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್. ಶಿಶುನಾಳ ಶರೀಫರ ತತ್ವಪದಕ್ಕೆ ಗಿಟಾರು ಕೂಡಿಸಿದ ಅವರು, ವೇದಿಕೆಗೆ ಬರುವಾಗ ಜೀನ್ಸು ಬಿಟ್ಟು ಬಣ್ಣದ ಲುಂಗಿ ಉಟ್ಟರು, ಕಾಲಿಗೆ ಗೆಜ್ಜೆ ಕಟ್ಟಿದರು. ರಾಕ್ ಹಾಡಲು ರಾಕ್‌ನವರ ವೇಷವೇ ಬೇಕೆಂದಿಲ್ಲ ಎಂಬುದನ್ನು ವಿದೇಶದ ವೇದಿಕೆಗಳಲ್ಲೂ ತೋರಿಸಿದರು.

ಹೋದ ಸಲ ಶಿಷ್ಯನ ಅಂಗಡಿಗೆ ಹೋದಾಗ ಒಂದು ಹುಡುಗರ ಗುಂಪು ಬಂದಿತ್ತು. ಗಣಪತಿ ಮೆರವಣಿಗೆಗೆ ನಲವತ್ತು ಟೀ ಶರ್ಟು ಬೇಕಂತೆ. ಮೊಬೈಲ್ ತೆರೆದು ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ತೋರಿಸಿದರು. ಗುಂಪಿನಲ್ಲಿ ಕೊನೆಗೆ ನಿಂತಿದ್ದ ಒಬ್ಬ ಹುಡುಗನ ನೋಟ್‌ಬುಕ್ಕಿನ ಹಿಂದಿನ ಪುಟ ನನ್ನ ಕಣ್ಣಿಗೆ ಬಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಡೊಳ್ಳು ಹೊಟ್ಟೆಯ ಗಣಪ ಗಿಟಾರು ಬಾರಿಸುತ್ತಿದ್ದ. ಸೊಂಡಿಲೇ ತಂತಿ ಮೀಟುತ್ತಿತ್ತು, ಇಲಿ ತಮಟೆ ಹೊಡೆಯುತ್ತಿತ್ತು. ನಾನು ಪುಸ್ತಕ ಇಸಿದುಕೊಂಡು ಶಿಷ್ಯನ ಮುಂದೆ ಇಟ್ಟೆ. ಅವನು ಒಮ್ಮೆ ನೋಡಿ, "ಎರಡು ಬಣ್ಣ ಸಾಕು ಸಾರ್, ಗೆರೆ ಸ್ವಲ್ಪ ದಪ್ಪ ಮಾಡ್ಬೇಕು" ಎಂದ. ಅದೇ ಅಚ್ಚಾಯಿತು. ಇಲಿಯ ಬಾಲದ ಕೆಳಗೆ, ಬೆರಳಗಲದ ಜಾಗದಲ್ಲಿ ಹುಡುಗನ ಹೆಸರು. ಯಾರೂ ಅಳಿಸು ಎನ್ನಲಿಲ್ಲ.

ಕೇಳುಗರೇ, ನಿಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಿಮ್ಮೂರಿನ ಜಾತ್ರೆಗೆ, ರಾಜ್ಯೋತ್ಸವಕ್ಕೆ, ಕಬಡ್ಡಿ ಪಂದ್ಯಕ್ಕೆ ಅಂಗಿ ಮಾಡಿಸುವಾಗ ಚಿತ್ರವನ್ನು ಎಲ್ಲಿಂದಲೋ ಇಳಿಸಿಕೊಳ್ಳಬೇಡಿ. ನಿಮ್ಮ ಬೀದಿಯಲ್ಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಮೈಕಿನವನಿಗೆ ಕೊಡುವಂತೆ ಅವರಿಗೂ ಕೂಲಿ ಕೊಡಿ. ಮುಂದಿನ ‘ಕುರುಕ್ಷೇತ್ರ’ದ ಪೋಸ್ಟರಿನಲ್ಲಿ ಹಾರ್ಮೋನಿಯಂ, ತಬಲ, ಸೀನರಿ ಎಂದು ಬರೆದಾದ ಮೇಲೆ ಒಂದು ಗೆರೆ ಜಾಗ ಬಿಡಿ. ಅಲ್ಲಿ ‘ಚಿತ್ರ’ ಎಂದು ಬರೆದು, ಮುಂದೆ ಬರೆದವರ ಹೆಸರು ಹಾಕಿ.